ಕಾಯ್ದೆಯ ಕಣ್ಣಿಗೆ ಬಿದ್ದ ಗಂಜಿ

ಕಾಯ್ದೆ ಕಾನೂನಿಗೆ ನಾನು ಹೆದರುವವನೇ ಅಲ್ಲ. ಕನಿಷ್ಠ ಕೂಲಿಯ ಕಾಯ್ದೆ ಹೊನ್ನಾವರದ ನನ್ನ ಪುಟ್ಟ ಅಕ್ಕಿ ಗಿರಣಿಗೂ ಬಂದಾಗ, ದರಗಳನ್ನು ಹಲಗೆಯ ಮೇಲೆ ಬರೆಸಿ ಬಾಗಿಲಲ್ಲೇ ನೇತುಹಾಕಿದೆ. ಶನಿವಾರ ಬಂತೆಂದರೆ ಎಲ್ಲರಿಗೂ ನಗದು ಕೂಲಿ. ಬೊಂಬಾಯಿ ಸರಕಾರ ಹೋಗಿ ಮೈಸೂರು ಸರಕಾರ ಬಂದರೂ ನನ್ನ ಹಲಗೆ ಅಲುಗಲಿಲ್ಲ!

ಅಲುಗಿದ್ದು ನಾನು. ನಾಳೆ ಕೂಲಿ ಇನ್‌ಸ್ಪೆಕ್ಟರ್ ಬರುತ್ತಾರೆಂಬ ಸುದ್ದಿ ಹೊತ್ತು ಪಕ್ಕದ ಜವಳಿ ಅಂಗಡಿಯ ಶಾನಭಾಗರು ಬಂದಾಗ, ಆಳುಗಳೆಲ್ಲ ಗಿರಣಿಯ ಹಿಂದೆ ಕೂತು ಮಧ್ಯಾಹ್ನದ ಗಂಜಿ ಉಣ್ಣುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಉಪ್ಪುನೀರಿನ ಮಾವಿನಕಾಯಿ. ಅಪ್ಪನ ಕಾಲದಿಂದ ಬಂದ ಪದ್ಧತಿ. ಬೇಯಿಸಿ ಬಡಿಸುವವಳು ನನ್ನ ಹೆಂಡತಿ ಸರಸ್ವತಿ.

"ಅರೇ ದೇವಾ! ಇದೆಂತ ಮಾರಾಯ್ರೇ?" ಎಂದರು ಶಾನಭಾಗರು. "ಕೂಲಿ ನಗದಲ್ಲೇ ಕೊಡ್ಬೇಕು. ಇವ ಗಂಜಿಲಿ ಕೂಲಿ ಕೊಡ್ತಾ ಅಂತ ಬರ್ಕೊಂಡ್ರೆ ಆತು ಕಥೆ. ಗಿರಣಿಗೆ ಬೀಗ!"

ಮನೆಯಲ್ಲಿ ಎಲ್ಲರ ಹೊಟ್ಟೆಯೂ ಆ ಗಿರಣಿಯ ಮೇಲೆಯೇ ನಿಂತಿತ್ತು. ನೇರ ಸರಸ್ವತಿಯ ಬಳಿ ಹೋಗಿ, "ನಾಳೆಯಿಂದ ಗಂಜಿ ಬಂದ್!" ಎಂದೆ.

"ಎಂತಕ್ಕೆ? ಹಸ್ಕೊಂಡು ಬತ್ತ ಬೇಯ್ಸೂದು ಹ್ಯಾಂಗೆ? ನಾ ನಿಲ್ಸೂದಿಲ್ಲ. ಬೇಕಾದ್ರೆ ನೀವು ಗಿರಣಿ ನಿಲ್ಸಿ," ಎಂದಳು ಸರಸ್ವತಿ.

ಆಗ ನನ್ನ ತಲೆ ಓಡಿತು. ಓಡಬಾರದಿತ್ತು! ಮಾಲಕನ ಹೆಂಡತಿ ಬಡಿಸಿದರೆ ತಾನೇ ಅದು ಕೂಲಿ? ಅಡುಗೆಯವಳು ಬಡಿಸಿದರೆ ಕ್ಯಾಂಟೀನು! ಆ ಸಂಜೆಯೇ 'ಕ್ಯಾಂಟೀನು' ಎಂದು ಇನ್ನೊಂದು ಹಲಗೆ ಬರೆಸಿದೆ. ಆಳುಗಳನ್ನು ಸಾಲಾಗಿ ನಿಲ್ಲಿಸಿ, ಸರಸ್ವತಿಯನ್ನು ತೋರಿಸಿ, "ಯಾರು ಕೇಳಿದರೂ ಇವಳು ಅಡುಗೆಯವಳು, ತಿಳೀತಾ?" ಎಂದು ಪಾಠ ಹೇಳಿದೆ.

ಬತ್ತ ಬೇಯಿಸುವ ಮಾಸ್ತಿ ಕನಿಕರದಿಂದ ಕೇಳಿದಳು: "ಎಂತ ಒಡೆಯಾ, ಅಮ್ಮನ ಸಂಗ್ತಿ ಜಗಳ ಆತಾ?"

ಮರುದಿನ ಇನ್‌ಸ್ಪೆಕ್ಟರ್ ಬಂದರು. ದರದ ಹಲಗೆ ನೋಡಿದರು, ಹಾಜರಿ ನೋಡಿದರು, "ಭೇಷ್!" ಎಂದರು. ಅಲ್ಲಿಗೆ ಹೊರಟಿದ್ದರೆ ಆಗುತ್ತಿತ್ತು. ನಾನೇ ಕೈಮುಗಿದು ಕ್ಯಾಂಟೀನಿಗೆ ಕರೆದೊಯ್ದೆ!

"ಇವರು ಯಾರು?"

"ಅಡುಗೆಯವಳು ಸ್ವಾಮಿ."

"ಹಾಜರಿಯಲ್ಲಿ ಹೆಸರೇ ಇಲ್ಲವಲ್ಲ?"

ಅವರು ಸರಸ್ವತಿಯತ್ತ ತಿರುಗಿದರು. "ಕೂಲಿ ಎಷ್ಟು ಕೊಡ್ತಾರಮ್ಮ?"

ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. "ಒಂದು ಪೈಸೆನೂ ಇಲ್ಲ," ಎಂದಳು.

"ವಾರದ ರಜೆ?"

"ಅದೆಂತದು?"

"ಯಾವಾಗಿಂದ ಇದ್ದೀರಿ?"

"ಸಣ್ಣವಳಿದ್ದಾಗ ಅಪ್ಪ ಇಲ್ಲಿ ಬಿಟ್ಟು ಹೋದ. ಆವಾಗಿಂದ ಇಲ್ಲೇ."

ಇನ್‌ಸ್ಪೆಕ್ಟರರ ಲೇಖನಿ ಸರಸರ ಓಡತೊಡಗಿತು. ಜೀತದ ಮಾಲಕನಾಗಿ ಕಾರವಾರದ ಜೈಲಿನಲ್ಲಿ ಕೂತ ನನ್ನನ್ನೇ ನಾನು ಕಂಡೆ.

"ಸ್ವಾಮೀ, ಅವಳು ನನ್ನ ಹೆಂಡತಿ!" ಎಂದು ಕಿರುಚಿದೆ.

"ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳೋದು," ಎಂದು ಅವರು ಆಳುಗಳನ್ನು ಕೇಳಿದರು. "ಇವರು ಯಾರು?"

"ಅಡುಗೆಯವಳು ಒಡೆಯಾ!" ಎಲ್ಲರೂ ಒಂದೇ ಉಸಿರಿಗೆ. ಎಂಥ ನಿಷ್ಠೆ! ಮಾಸ್ತಿ ನನ್ನತ್ತ ಹೆಮ್ಮೆಯಿಂದ ನೋಡಿ ಸೇರಿಸಿದಳು: "ಕ್ಯಾಂಟೀನಿಂದು!"

ಕೊನೆಗೆ ಗಲಾಟೆ ಕೇಳಿ ಶಾನಭಾಗರೇ ಓಡಿಬಂದು, ನನ್ನ ಮದುವೆಯಲ್ಲಿ ತಾವು ಉಂಡ ಹೋಳಿಗೆಯ ಮೇಲೆ ಆಣೆ ಮಾಡಿದ ಮೇಲೆ ಇನ್‌ಸ್ಪೆಕ್ಟರ್ ಬರೆದದ್ದನ್ನು ಹೊಡೆದುಹಾಕಿದರು.

"ಪೂರ್ತಿ ಕೂಲಿ ನಗದು ಕೊಟ್ಟ ಮೇಲೆ ಪುಕ್ಕಟೆ ಗಂಜಿ ಹಾಕಿದರೆ ಯಾವ ಕಾಯ್ದೆಯೂ ಬೇಡ ಅನ್ನೋದಿಲ್ಲ. ನೀವು ಬಾಯಿ ತೆರೆಯುವವರೆಗೆ ಎಲ್ಲ ಸರಿಯಾಗೇ ಇತ್ತು," ಎಂದು ಹೇಳಿ, ಒಂದು ಬಟ್ಟಲು ಗಂಜಿ ಕುಡಿದು ಹೋದರು.

ಗಿರಣಿ ಉಳಿಯಿತು. ಆದರೆ ಭಾನುವಾರ ಬೆಳಿಗ್ಗೆ ಏಳುತ್ತೇನೆ, ಕ್ಯಾಂಟೀನಿನ ಹಲಗೆ ನಮ್ಮ ಅಡುಗೆಮನೆಯ ಬಾಗಿಲಲ್ಲಿ! ಕೆಳಗೆ ಸೀಮೆಸುಣ್ಣದಲ್ಲಿ 'ಇಂದು ವಾರದ ರಜೆ'.

ಸರಸ್ವತಿ ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದಳು. "ಸರಕಾರದ ಕಾಯ್ದೆ ಅಲ್ದಾ?" ಎಂದಳು.

ನಾನೇ ಗಂಜಿಗಿಟ್ಟೆ. ತಳ ಹಿಡಿಯಿತು, ಉಪ್ಪು ಎರಡು ಸಲ ಬಿತ್ತು. ಆ ಗಂಜಿಯನ್ನು ಮಾತ್ರ ಕೂಲಿಯ ಬದಲು ಕೊಟ್ಟಿದ್ದರೆ ನನಗೆ ಜೈಲಾಗುವುದು ನ್ಯಾಯವೇ ಆಗಿತ್ತು!