ಗೋಲಿ ಮಿಷನ್ನು ಕೊಳ್ಳಲು ಗಂಡಸರು ಬೇಕು

ಹುಡುಗಿಯೊಬ್ಬಳು ಹಳೇ ಹೊಲಿಗೆ ಯಂತ್ರ ಕೇಳಿಕೊಂಡು ಹೋದರೆ ನಮ್ಮ ಮಂಡ್ಯದ ಕಡೆ ಕುರ್ಚಿ ಹಾಕಿ ಕೂರಿಸುತ್ತಾರೆ. ಹಳೇ ಆಟದ ಯಂತ್ರ ಕೇಳಿಕೊಂಡು ಹೋದರೆ, ಹಿಂದೆ ಗಂಡಸರು ಯಾರಾದರೂ ಬರುತ್ತಿದ್ದಾರೆಯೇ ಎಂದು ಅವಳ ಹೆಗಲಾಚೆ ನೋಡುತ್ತಾರೆ. ನನಗಿದು ಪ್ರತಿ ಸಲವೂ ಆಗುತ್ತದೆ. ಪ್ರತಿ ಸಲವೂ ಹೊಸದಾಗಿ ಸಿಟ್ಟು ಬರುತ್ತದೆ.

ಹಳೇ ಆಟದ ಯಂತ್ರ ಕೂಡಿಡುವುದು ನನ್ನ ಹುಚ್ಚು. ನಮ್ಮ ಮನೆಯ ಹಜಾರದಲ್ಲಿ ಒಂದು ಬಯಾಸ್ಕೋಪಿನ ಡಬ್ಬಿ ಇದೆ, ಸಂತೆಯಲ್ಲಿ ತಿರುಗಿಸುವ ಅಂಕಿಯ ಚಕ್ರವಿದೆ. ಇಲ್ಲದಿದ್ದದ್ದು ಗೋಲಿ ಮಿಷನ್ನು. ಇಳಿಜಾರು ಮೇಜು, ಅದರ ತುಂಬ ಮೊಳೆ, ಮೇಲೆ ಗಾಜು. ಹತ್ತು ಪೈಸೆ ಹಾಕಿ ಸ್ಪ್ರಿಂಗಿನ ಕೋಲು ಎಳೆದು ಬಿಟ್ಟರೆ ಗೋಲಿಯಂಥ ಗುಂಡು ಮೇಲೆ ಹಾರಿ, ಮೊಳೆಗಳಿಗೆಲ್ಲ ಬಡಿದುಕೊಂಡು, ಅಂಕಿ ಬರೆದ ಯಾವುದೋ ಕುಳಿಯಲ್ಲಿ ಬೀಳುತ್ತದೆ. ಕಾನ್ವೆಂಟಿನಲ್ಲಿದ್ದಾಗ ಸಿಸ್ಟರು ನಮ್ಮನ್ನು ಮೈಸೂರಿನ ವಸ್ತುಪ್ರದರ್ಶನಕ್ಕೆ ಕರೆದುಕೊಂಡು ಹೋಗಿದ್ದರು. ಮಿಷನ್ನಿನವನು, "ಹೆಣ್ಣುಮಕ್ಕಳು ಆಡಂಗಿಲ್ಲ, ನೋಡ್ರಮ್ಮ" ಅಂದ. ಚಡ್ಡಿ ಹಾಕಿದ ಹುಡುಗನೊಬ್ಬ ಅರ್ಧ ಗಂಟೆ ಕೆಟ್ಟದಾಗಿ ಆಡಿದ್ದನ್ನು ನೋಡಿದೆವು. ಆ ಸಿಟ್ಟು ಇನ್ನೂ ಇದೆ. ಆದರೆ ನನ್ನ ಸಿಟ್ಟು ಬಾಯಿಗೆ ಬರುವುದಿಲ್ಲ, ಬೆರಳಿಗಿಳಿಯುತ್ತದೆ. ಕಚೇರಿಯಲ್ಲಿ ನಾನು ಟೈಪಿಸ್ಟು. ಸಿಟ್ಟಿದ್ದ ದಿನ ಪೂರ್ಣವಿರಾಮ ಹೊಡೆದಲ್ಲೆಲ್ಲ ಕಾಗದ ತೂತಾಗುತ್ತದೆ.

೧. ಕೋಲು

ಮಂಡ್ಯದ ಗುಜರಿ ಅಂಗಡಿಯೊಂದರಲ್ಲಿ ಅಂಥ ಮಿಷನ್ನು ಇದೆಯೆಂದು ತಿಳಿಯಿತು. ಒಬ್ಬಳೇ ಹೋಗಬೇಡವೆಂದು ಅಮ್ಮ ಅಕ್ಕನ ಗಂಡನನ್ನು ಜೊತೆಗೆ ಕಳಿಸಿದಳು. ಯಂತ್ರಗಳ ಪೈಕಿ ಭಾವನಿಗೆ ಗೊತ್ತಿರುವುದು ಸೈಕಲ್ಲು. ಅದರಲ್ಲೂ ಗಾಳಿ ಹೊಡೆಯುವುದು ಮಾತ್ರ.

"ಸ್ಪ್ರಿಂಗು ಸರಿ ಇದೆಯಾ?" ಎಂದು ನಾನು ಕೇಳಿದೆ.

"ಫಸ್ಟ್ ಕ್ಲಾಸಾಗೈತೆ ಸಾರ್" ಎಂದು ಅಂಗಡಿಯವನು ಭಾವನಿಗೆ ಹೇಳಿದ.

"ಗುಂಡು ಎಷ್ಟಿವೆ?"

"ಐದೂ ಅವೆ ಸಾರ್."

"ಕೇಳ್ತಿರೋದು ನಾನು" ಎಂದೆ. ಅದನ್ನು ಎಷ್ಟು ಮೆಲ್ಲಗೆ ಹೇಳಿದೆನೆಂದರೆ ನನಗೇ ಕೇಳಿಸಲಿಲ್ಲ. ಮಾತು ಸಾಕೆಂದು ಕೋಲು ಹಿಡಿದು ಜೋರಾಗಿ ಎಳೆದೆ. ಕೋಲು ಕೈಗೇ ಬಂತು. ಗೆದ್ದಲು ಹಿಡಿದಿದ್ದ ಮೇಜು ಮುಂಗಾಲು ಮುರಿದುಕೊಂಡು, ಮೊಣಕಾಲೂರಿ ಕುಳಿತಿತು.

ಅಂಗಡಿಯವನು ಆಗ ಮೊದಲ ಸಲ ನನ್ನ ಮುಖ ನೋಡಿದ. ನೋಡಿ, ಭಾವನ ಕಡೆ ತಿರುಗಿ, "ನಿಮ್ಮುಡ್ಗಿ ಮುರ್ದಾಕ್ಬುಟ್ರು ಸಾರ್" ಅಂದ.

ಭಾವ ಮರ್ಯಾದಸ್ಥ, ಹಣ ಕೊಟ್ಟುಬಿಟ್ಟ. ಮನೆಗೆ ತರುವಂತೆ ಉಳಿದಿದ್ದು ಕೋಲೊಂದೇ. ದಾರಿಯಲ್ಲಿ, "ಇದನ್ನ ಏನು ಮಾಡ್ತೀಯಮ್ಮ?" ಎಂದು ಕೇಳಿದ.

"ಒಂದು ಹಾಕೋಣ ಅಂತಿದ್ದೀನಿ ಭಾವ" ಎಂದೆ. ಯಾರ ತಲೆಗೆ ಎಂದು ಹೇಳಲಿಲ್ಲ. ನಾನು ಸಂಕೋಚದ ಹುಡುಗಿ.

೨. ಶುಕ್ರವಾರ

ಎರಡನೆಯದು ಮದ್ದೂರಿನ ಹೋಟೆಲೊಂದರ ಹಿತ್ತಿಲಿನಲ್ಲಿತ್ತು. ಈ ಸಲ ರಜೆ ಹಾಕಿ ಒಬ್ಬಳೇ ಬಸ್ಸು ಹತ್ತಿದೆ. ಯಜಮಾನರ ಹಣೆಯಲ್ಲಿ ವಿಭೂತಿ, ಮಿಷನ್ನಿನ ಹಣೆಯಲ್ಲೂ ವಿಭೂತಿ.

"ಇವತ್ತು ಶುಕ್ರವಾರ ಕಣಮ್ಮ. ಆಯುಧಪೂಜೆ ಕಂಡಿರೋ ಮಿಷನ್ನು. ಶುಕ್ರವಾರ ಲಕ್ಷ್ಮೀನ ಈಚೆಗೆ ಕಳ್ಸೋಕಾಯ್ತದಾ?"

ಸರಿಯೆಂದು ಮಂಗಳವಾರ ಹೋದೆ. "ಮಂಗಳವಾರ ಯಾರಾದ್ರೂ ಬತ್ತಾರಾ? ಇಷ್ಟು ಓದಿದ್ದೀಯ!" ಅಂದರು. ಭಾನುವಾರ ಹೋದೆ, ಅಮಾವಾಸ್ಯೆ. ಮಾರನೆಯ ದಿನದಿಂದ ಆಷಾಢ. ಒಂದು ತಿಂಗಳು ಹಲ್ಲುಕಚ್ಚಿ ಕಾದೆ. ಶ್ರಾವಣದ ಮೊದಲ ವಾರ ಹೋದಾಗ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು.

"ಕೊಟ್ಬುಟ್ಟೆ ಕಣಮ್ಮ."

"ಯಾವಾಗ?"

"ಆಸಾಡದಲ್ಲೇ. ಒಂದು ಶುಕ್ರವಾರ."

"ಶುಕ್ರವಾರ?"

"ಏನ್ಮಾಡಾದು? ಗಂಡಸ್ರು ಮನೆ ಬಾಗ್ಲಿಗೆ ಬಂದು ಕೇಳವ್ರೆ. ಬರಿಗೈಲಿ ಕಳ್ಸೋಕಾಯ್ತದಾ?"

ಮರುದಿನ ನಾನು ಟೈಪ್ ಮಾಡಿದ ಸುತ್ತೋಲೆಯನ್ನು ಸಾಹೇಬರು ಬೆಳಕಿಗೆ ಹಿಡಿದು ನೋಡಿ, "ಏನಮ್ಮ ಇದು, ಜರಡಿಯಾ?" ಎಂದರು.

೩. ಸರದಿ

ಮೂರನೆಯದು ಮಳವಳ್ಳಿಯಲ್ಲಿ. ಹಿಂದೆ ಊರೂರು ತಿರುಗಿ ಮಿಷನ್ನು ಆಡಿಸುತ್ತಿದ್ದವನೊಬ್ಬ ಅದನ್ನು ಅಂಗಳದಲ್ಲಿಟ್ಟುಕೊಂಡಿದ್ದ. ಕೊಪ್ಪದಿಂದ ಬಂದು ನಮ್ಮ ಮನೆಯಲ್ಲಿದ್ದ ನನ್ನ ಅಜ್ಜಿ, "ನಾನೂ ಬತ್ತೀನಿ ನಡಿ" ಎಂದು ಹೊರಟಳು. ಕೈಯಲ್ಲಿ ಗುಜರಿಯ ಆ ಕೋಲು. ನಾಯಿ ಓಡಿಸಲು ಅಜ್ಜಿ ಅದನ್ನೇ ಇಟ್ಟುಕೊಂಡಿದ್ದಳು.

ಮಿಷನ್ನಿನ ಗಾಜಿನ ಕೆಳಗೆ ಮೊಳೆಗಳ ನಡುವೆ ಸಾಲಾಗಿ ಸಂಡಿಗೆ ಒಣಗುತ್ತಿತ್ತು. ಅಜ್ಜಿ ಅದನ್ನು ಬಗ್ಗಿ ನೋಡಿದಳು. ನಾನು ಸ್ಪ್ರಿಂಗು ನೋಡಿದೆ. ಅವನು ನಮ್ಮಿಬ್ಬರ ಹಿಂದೆ ಬೀದಿಯನ್ನು ನೋಡಿದ.

"ಗಂಡಸ್ರು ಯಾರೂ ಬಂದಿಲ್ವಾ? ಯವಾರ ಯಾರ ತಾವ ಮಾತಾಡ್ಲಿ?"

"ಯಾಕ್ಲಾ, ಗಂಡಸ್ರನ್ನ ಕಂಡ್ರೇ ನಿನ್ನ ನಾಲಿಗೆ ತಿರುಗಾದಾ?" ಎಂದಳು ಅಜ್ಜಿ. "ಓಗು, ನಿಮ್ಮವ್ವನ್ನ ಕರಿ."

ಅವನ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಮಿಷನ್ನು ಕೊಟ್ರೆ ನನ್ ಸಂಡಿಗೆ ಎಲ್ಲಿ ಒಣಗಾಕ್ಲವ್ವ?"

"ನಮ್ಮಟ್ಟದ ಮ್ಯಾಲೆ ತೇಗದ ಬಾಗ್ಲೊಂದೈತೆ. ತಂದು ಕೊಡ್ತೀನಿ. ಎರಡು ಮನೆ ಸಂಡಿಗೆ ಇಡಿಸ್ತದೆ."

"ಅವ್ವಾ, ಇದ್ರ ರೇಟು..." ಎಂದು ಅವನು ಬಾಯಿ ಹಾಕಿದ.

"ಸುಮ್ಕಿರ್ಲಾ!" ಎಂದರು ಇಬ್ಬರೂ.

"ಕೋಲೇ ಕಳ್ದೋಗೈತೆ, ತಗೊಂಡೋಗಿ ಏನ್ಮಾಡ್ತೀರಿ?" ಎಂದ ಅವನು, ಸೋತ ದನಿಯಲ್ಲಿ. ಅಜ್ಜಿ ನಾಯಿ ಓಡಿಸುವ ಕೋಲನ್ನು ತೂತಿಗೆ ತುರುಕಿದಳು. ಅದೇ ತಯಾರಿಯ ಮಿಷನ್ನು, ಗಟ್ಟಿಯಾಗಿ ಕೂತಿತು. ವ್ಯಾಪಾರ ಮುಗಿಯಿತು. ಕೊಳ್ಳುವವಳು ನಾನು, ನನ್ನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಬಾಗಿಲು ಮಳವಳ್ಳಿಗೆ ಹೋಯಿತು, ಶನಿವಾರ ಮಿಷನ್ನು ನಮ್ಮ ಮನೆಗೆ ಬಂತು. ಭಾನುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಹತ್ತು ಪೈಸೆ ಹಿಡಿದು ಹಜಾರಕ್ಕೆ ಬಂದರೆ ಮಿಷನ್ನಿಲ್ಲ. ಅಜ್ಜಿ ಭಾವನ ಕೈಲಿ ಅದನ್ನು ತಾರಸಿಗೆ ಹೊರಿಸಿದ್ದಳು. ಮೆಟ್ಟಿಲು ಹತ್ತಿ ನೋಡಿದೆ. ಗಾಜಿನ ಕೆಳಗೆ, ಒಂದು ಮೊಳೆಯನ್ನೂ ಬಿಡದೆ, ಹಸಿ ಸಂಡಿಗೆ. ಪಕ್ಕದಲ್ಲಿ ಅಜ್ಜಿ ಕಾಲು ಚಾಚಿ ಕೂತಿದ್ದಳು.

"ಕಾಗೆ ಮುಟ್ಟಂಗಿಲ್ಲ ನೋಡು ಮಗ. ಇದ್ಕಲ್ದೆ ಅಂಥಾ ತೇಗದ ಬಾಗ್ಲು ಕೊಡ್ತಿದ್ನಾ ನಾನು?"

ಚಡ್ಡಿಯ ಹುಡುಗ, ಗುಜರಿಯವನು, ಆಷಾಢದ ಶುಕ್ರವಾರ, ಎಲ್ಲ ಒಟ್ಟಿಗೆ ನೆನಪಾದವು. ಈ ಸಲ ಸಿಟ್ಟು ಬೆರಳಿಗಿಳಿಯಲಿಲ್ಲ.

"ಇದು ನಂದು! ಆಡೋದು ನಾನು!"

ಬೀದಿಯಲ್ಲಿ ನೀರು ಹಿಡಿಯುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ನಾನು ಕಾಸು ಹಾಕಿ, ಕೋಲನ್ನು ಎದೆಯವರೆಗೆ ಎಳೆದು ಬಿಟ್ಟೆ. ಗುಂಡು ಮೇಲಕ್ಕೆ ಹಾರಿ ಎರಡು ಸಾಲು ಸಂಡಿಗೆಯನ್ನು ಉತ್ತುಕೊಂಡು ಬಂದು, ತುತ್ತತುದಿಯ ಕುಳಿಯ ಬಾಯಿಗೆ ಹಿಟ್ಟಿನಲ್ಲಿ ಅಂಟಿ, ನಿಧಾನವಾಗಿ ಒಳಗಿಳಿಯಿತು.

ಅಜ್ಜಿ ಎದ್ದು ಬಂದಳು. ಸಂಡಿಗೆಯ ಸಾಲು ನೋಡಿದಳು, ನನ್ನ ಮುಖ ನೋಡಿದಳು. ಬೈಗುಳಕ್ಕೆ ತಯಾರಾಗಿ ನಿಂತೆ.

"ಎಷ್ಟು ಬಂತು?"

"ಐನೂರು. ಅದೇ ಎಲ್ಲಕ್ಕಿಂತ ಜಾಸ್ತಿ."

"ನನ್ನ ಸಂಡಿಗೆ ಇಲ್ದಿದ್ರೆ ನಿಲ್ತಿತ್ತಾ ಅಲ್ಲಿ? ಅರ್ಧ ನಂದು ಕಣೆ" ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೋಲು ಹಿಡಿದಳು. "ಸರ್ಕೊ ಅತ್ಲಾಗೆ, ಈಗ ನನ್ನ ಸರದಿ."