ಇಜೇರಿ ಮೇಲಿಂದ ಹೋಗದ ವಿಮಾನ

ಪ್ರಯಾಣ ಮಾಡುವುದು ಸುಲಭ. ಪ್ರಯಾಣ ಮುಗಿಯಿತು ಎಂದು ಮನೆಗೆ ತಿಳಿಸುವುದೇ ಕಷ್ಟ. ಈ ಮಾತನ್ನು ಬೇರೆ ಯಾರಾದರೂ ಹೇಳಿದ್ದರೆ ನೀವು ತಲೆದೂಗುತ್ತಿದ್ದಿರಿ. ನಾನು ಹೇಳಿದರೆ ನಗುತ್ತೀರಿ. ತಪ್ಪು ನನ್ನದೇ. ಹುಟ್ಟಿದಾಗಿನಿಂದ ನನಗೆ ಎರಡು ರೋಗ: ಒಂದು, ಕಂಡವರ ಧ್ವನಿ ಅಣಕಿಸುವುದು, ಇನ್ನೊಂದು, ಒಂದೆಡೆ ಐದು ನಿಮಿಷ ಕೂರಲಾಗದೆ ಚಡಪಡಿಸುವುದು. ಗುಲಬರ್ಗಾ ಬಸ್ ನಿಲ್ದಾಣದಲ್ಲಿ ಬಸ್ಸು ತಡವಾದರೆ ಇವೆರಡೂ ಕೂಡಿಕೊಳ್ಳುತ್ತವೆ. ಒಮ್ಮೆ ಬೇಸರ ತಾಳದೆ ಕಂಡಕ್ಟರನ ಧ್ವನಿಯಲ್ಲಿ "ಚೌಡಾಪುರ, ಅಫಜಲಪುರ! ಸೀಟ್ ಅದಾವ, ಹತ್ರಿ ಹತ್ರಿ!" ಎಂದು ಕೂಗಿಬಿಟ್ಟೆ. ಹದಿನೈದು ಮಂದಿ ಗಂಟುಮೂಟೆ ಎತ್ತಿಕೊಂಡು ಬಸ್ಸೇ ಇಲ್ಲದ ಕಡೆಗೆ ಓಡಿದರು. ಎಲ್ಲರಿಗಿಂತ ಮುಂದೆ ನಮ್ಮ ಶಂಕ್ರೆಪ್ಪ ಮಾಮಾ ಇದ್ದ. ಅವನಿಗೆ ಅಫಜಲಪುರದಲ್ಲಿ ಏನೂ ಕೆಲಸವಿರಲಿಲ್ಲ. ಸೀಟು ಇದೆ ಎಂದದ್ದಕ್ಕೆ ಓಡಿದ್ದ.

ಮಾಮಾನಿಗೆ ಜೇವರ್ಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ. ನಾನು ಅಲ್ಲಿ ಕೂರುತ್ತೇನೆ. ಕೂರುತ್ತೇನೆ ಎಂಬುದು ಗೌರವದ ಮಾತು. ಗಿರಾಕಿಗಳ ಎದುರು ಮಾಮಾನ ಹಾಗೆ ಮಾತನಾಡಿ, ಮಾಮಾನ ಎದುರು ಗಿರಾಕಿಗಳ ಹಾಗೆ ಮಾತನಾಡಿ, ಇಬ್ಬರಿಂದಲೂ ಬೈಸಿಕೊಳ್ಳುವುದು ನನ್ನ ನಿಜವಾದ ಕೆಲಸ. ಮನೆ ಇರುವುದು ಇಜೇರಿಯಲ್ಲಿ. ಮನೆಯಲ್ಲಿ ಆಯಿ, ಅಂದರೆ ಮಾಮಾನ ಅವ್ವ, ನನ್ನ ಅವ್ವನಿಗೂ ಅವ್ವ. ನನ್ನನ್ನು ಸಾಕಿದವಳು ಅವಳೇ. ಹಾಗಾಗಿ ನನ್ನ ವಿಷಯದಲ್ಲಿ ಊರಿನವರ ದೂರೆಲ್ಲ ಅವಳ ವಿಳಾಸಕ್ಕೇ ಹೋಗುತ್ತದೆ.

ಆಯಿಯದು ಒಂದು ನೇಮ. ಮನೆಯವರು ಯಾರಾದರೂ ಪರವೂರಿಗೆ ಹೊರಟರೆ, ಅವರು ಮುಟ್ಟಿದ ಸುದ್ದಿ ಬರುವ ತನಕ ಅವಳು ಉಣ್ಣುವುದಿಲ್ಲ. ಲಿಂಗಪೂಜೆ ಮುಗಿಸಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ತಾಟನ್ನು ಬೋರಲು ಹಾಕಿ, ಬಾಗಿಲಿಗೆ ಮುಖ ಮಾಡಿ ಕೂತುಬಿಡುತ್ತಾಳೆ. ಇದು ಊರಿಗೆಲ್ಲ ಗೊತ್ತು. ಬಸ್ಸಿನವರಿಗೂ ಗೊತ್ತು. ಮಾಮಾ ಗುಲಬರ್ಗಾದಲ್ಲಿ ಇಳಿದರೆ ತಿರುಗಿ ಬರುವ ಬಸ್ಸಿನ ಕಂಡಕ್ಟರ್ ನಮ್ಮ ಓಣಿಯ ಎದುರು ತಲೆ ಹೊರಗೆ ಹಾಕಿ, "ಆಯೀ, ಮುಟ್ಯಾರ! ಉಣ್ಣು!" ಎಂದು ಕೂಗಿ ಹೋಗುತ್ತಿದ್ದ.

ಈ ಏರ್ಪಾಟನ್ನು ಕೆಡಿಸಿದವನು ನಾನು. ಎರಡು ವರ್ಷದ ಹಿಂದೆ ಗೆಳೆಯನ ಮದುವೆಗೆಂದು ಆಳಂದಕ್ಕೆ ಹೋದವನು, ಬೀಗರ ಮನೆಯ ಹಿರಿಯರನ್ನೆಲ್ಲ ಅಣಕಿಸಿ ನಗಿಸುವ ಭರದಲ್ಲಿ ಸುದ್ದಿ ಕಳಿಸುವುದನ್ನೇ ಮರೆತೆ. ಮರುದಿನ ಆಯಿ ಅಂಗಳದಲ್ಲಿ ತಲೆಸುತ್ತಿ ಬಿದ್ದಳು. ಮೊದಲೇ ಸಕ್ಕರೆ ಕಾಯಿಲೆ. "ಹೊಟ್ಟೆ ಖಾಲಿ ಬಿಟ್ರ ಈ ಮುದುಕಿ ಕೈಗೆ ಹತ್ತೂದಿಲ್ಲ ನೋಡ್ರಿ" ಎಂದು ಡಾಕ್ಟರು ಮಾಮಾನಿಗೆ ಹೇಳಿದರಂತೆ. ಆವತ್ತಿನಿಂದ ಆಯಿಯ ದನಿಯೂ ಸೊರಗಿಹೋಯಿತು. ನಾನು ಊರಿಗೆ ಬಂದಾಗ ಯಾರೂ ಬೈಯಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ಬೈದಿದ್ದರೆ ಅವರ ಧ್ವನಿಯನ್ನಾದರೂ ಕಲಿಯಬಹುದಿತ್ತು.

ಹೀಗಿರುವಾಗ ಮಾಮಾನಿಗೆ ವಿಮಾನಯೋಗ ಬಂತು. ಗೊಬ್ಬರದ ಕಂಪನಿಯೊಂದು, ಚೆನ್ನಾಗಿ ಮಾರಿದ ಅಂಗಡಿಯವರಿಗೆ ಇಬ್ಬರಂತೆ ನಾಲ್ಕು ದಿನದ ಗೋವಾ ಪ್ರವಾಸ ಇನಾಮು ಕೊಟ್ಟಿತು. ಹೈದರಾಬಾದಿನಿಂದ ವಿಮಾನ. ಮಾಮಿ ಕೈಮುಗಿದುಬಿಟ್ಟಳು: "ಭೂಮಿ ಬಿಟ್ಟು ಮ್ಯಾಲ ಹೋಗೂದು ಒಮ್ಮಿ ಅದ. ಅದಕ್ಕ ಟಿಕೀಟ್ ಬ್ಯಾಡ." ಹಾಗೆ ಆ ಸೀಟು ನನ್ನ ಪಾಲಿಗೆ ಬಂತು.

ವಿಮಾನಕ್ಕೆ ತಲೆ ಹೊರಗೆ ಹಾಕುವ ಕಂಡಕ್ಟರ್ ಎಲ್ಲಿಂದ ಬರಬೇಕು? ಆಯಿಯ ಊಟದ ಗತಿ ಏನು? ಇದಕ್ಕೂ ನಾನೇ ಉಪಾಯ ಹೂಡಿದೆ. ದಿನಾ ಹನ್ನೊಂದರ ಸುಮಾರಿಗೆ ಇಜೇರಿಯ ಆಕಾಶದಲ್ಲಿ ಒಂದು ವಿಮಾನ ಪಶ್ಚಿಮಕ್ಕೆ ಹೋಗುತ್ತದೆ. ಅದು ಗೋವಾದ್ದೇ ಎಂದು ಊರಿನ ತಿಳಿದವರು ತೀರ್ಮಾನಿಸಿದ್ದರು. "ಆಯೀ, ನೀ ಮಾಳಿಗಿ ಹತ್ತಿ ನಿಂದ್ರು. ವಿಮಾನ ಕಂಡಕೂಡ್ಲೇ ನಾವು ಮುಟ್ಟಿದಂಗೇ ಅಂತ ತಿಳಿ. ಕೆಳಗ ಇಳಿದು ಉಣ್ಣು. ನಾ ಕೈ ಬೀಸ್ತೇನಿ" ಎಂದೆ. ಆಯಿ ಯೋಚಿಸಿ, "ಯಾವ ಕಿಟಕಿಲೇ?" ಎಂದಳು. "ಬಲಗಡೀ ಮೂರನೇದು" ಎಂದೆ. ಸುಳ್ಳು ಹೇಳುವಾಗ ಲೆಕ್ಕ ಖಚಿತವಾಗಿರಬೇಕು.

ಹೈದರಾಬಾದಿನ ವಿಮಾನ ನಿಲ್ದಾಣ ಮುಟ್ಟಿದಾಗ ಬೆಳಗಿನ ಒಂಬತ್ತು ಗಂಟೆ. ಮಾಮಾ ಹೊಸ ಧೋತರ, ರುಮಾಲು, ಹೆಗಲಿಗೆ ಟವಲು. ಕೈಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಹೋಳಿಗೆಯ ದೊಡ್ಡ ಗಂಟು. ಕೌಂಟರಿನ ಹುಡುಗಿ ನಮ್ಮ ಟಿಕೀಟು ನೋಡಿ ಹಿಂದಿಯಲ್ಲಿ ಬಹಳ ಮೆತ್ತಗೆ ಹೇಳಿದಳು: ತಾಂತ್ರಿಕ ಕಾರಣದಿಂದ ಇವತ್ತಿನ ವಿಮಾನ ರದ್ದಾಗಿದೆ, ಕ್ಷಮಿಸಬೇಕು.

ಮಾಮಾ ನನ್ನ ಕಡೆ ತಿರುಗಿದ. "ಪಂಚರ್ ಏನ್ಲೇ?"

ನಾನು ಉತ್ತರ ಕೊಡುವ ಮೊದಲೇ ತನ್ನ ಬಸ್ ಸ್ಟ್ಯಾಂಡ್ ಉರ್ದುವಿನಲ್ಲಿ ಅವಳನ್ನೇ ವಿಚಾರಿಸಿದ: "ಕೈಕೂ ಕ್ಯಾನ್ಸಲ್, ಬೇಟಾ? ಡ್ರೈವರ್ ನಹೀ ಆಯಾ ಕ್ಯಾ?"

ಹುಡುಗಿ ನಗಲಿಲ್ಲ. ಆ ತರಬೇತಿಗೆ ನನ್ನ ನಮಸ್ಕಾರ. ನಮ್ಮನ್ನು ಬೇರೊಂದು ಕಂಪನಿಯ ವಿಮಾನದಲ್ಲಿ ಕಳಿಸುವುದಾಗಿಯೂ, ಅದು ಮಧ್ಯಾಹ್ನ ಮೂರಕ್ಕೆ ಹೊರಟು ಬೆಂಗಳೂರಿನಲ್ಲಿ ಇಳಿದು ಗೋವಾಕ್ಕೆ ಹೋಗುವುದಾಗಿಯೂ ತಿಳಿಸಿದಳು. ಆಗಷ್ಟೇ ಹೊಸ ಹೊಸ ವಿಮಾನ ಕಂಪನಿಗಳು ಹುಟ್ಟಿಕೊಂಡಿದ್ದ ಕಾಲ. ಒಬ್ಬರದು ನಿಂತರೆ ಇನ್ನೊಬ್ಬರದು ಸಿಗುತ್ತಿತ್ತು. ನನಗೆ ಸಂತೋಷವೇ ಆಯಿತು. ಮಾಮಾನ ಮುಖ ಮಾತ್ರ ಸಣ್ಣದಾಯಿತು.

"ಗೋವಾಕ್ಕ ಹೋಗೋರನ್ನ ಬೆಂಗಳೂರಿಗೆ ಯಾಕ ಒಯ್ತಾರ? ಜೇವರ್ಗಿಂದ ಶಹಾಪುರಕ್ಕ ಹೋಗೋನ್ನ ಬೀದರಿಗೆ ಒಯ್ದಂಗಾತು. ಅದು ಇಜೇರಿ ಮ್ಯಾಲಿಂದ ಹೋಗ್ತದೇನು ಕೇಳು."

ಕೇಳಿದೆ. ಹುಡುಗಿ ಕಾಗದ ನೋಡಿದಳು, ಒಳಗೆ ಹೋಗಿ ಯಾರನ್ನೋ ವಿಚಾರಿಸಿ ಬಂದಳು. "ಇಜೇರಿ ನಮ್ಮ ಪಟ್ಟಿಯಲ್ಲಿ ಇಲ್ಲ ಸರ್."

"ಇಜೇರಿ ಇಲ್ಲಾ? ಅಷ್ಟು ದೊಡ್ಡ ಊರು!" ಮಾಮಾ ನಿಜಕ್ಕೂ ನೊಂದ. ಆಮೇಲೆ ದನಿ ತಗ್ಗಿಸಿ ನನ್ನ ಕಿವಿಯಲ್ಲಿ, "ಡ್ರೈವರಂದು ಮನಿ ಎಲ್ಲಿ ಕೇಳು. ನಮ್ಮ ಕಡೆಯಾಂವ ಇದ್ರ ಒಂದೀಟು ಹೊರಳಿಸಿಕೊಂಡು ಹೋಗ್ತಾನ" ಎಂದ. ನಾನು ಕೇಳಲಿಲ್ಲ. ಆದರೆ ಕೇಳಬೇಕು ಅನ್ನಿಸಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಗಡಿಯಾರ ಆಗಲೇ ಹತ್ತು ತೋರಿಸುತ್ತಿತ್ತು. ಇನ್ನೊಂದು ತಾಸಿಗೆ ಎಂಬತ್ತರ ಮುದುಕಿ ಮಾಳಿಗೆ ಹತ್ತಿ ಖಾಲಿ ಆಕಾಶಕ್ಕೆ ಕತ್ತು ಎತ್ತಿ ನಿಲ್ಲುತ್ತಾಳೆ, ಬಲಗಡೆಯ ಮೂರನೆಯ ಕಿಟಕಿ ಹುಡುಕುತ್ತ.

ಫೋನು ಹುಡುಕಿಕೊಂಡು ಓಡಿದೆ. ಇಜೇರಿಯ ಫೋನು ಸತ್ತು ತಿಂಗಳಾಗಿತ್ತು. ಜೇವರ್ಗಿಯ ಅಂಗಡಿಗೆ ಹಚ್ಚಿದೆ. ಎತ್ತಿದವನು ಮೈಬೂಬ ಚಾಚಾ, ನಮ್ಮ ಅಂಗಡಿಯ ಮುನೀಮ. ಬಿಳಿ ಗಡ್ಡದ ಗಟ್ಟಿ ಮನುಷ್ಯ.

"ಗೋವಾ ಮುಟ್ಟಿದ್ರೇನ್ರಿ ಸಣ್ಣ ಸಾವ್ಕಾರ್ರೆ? ವಾಹ್, ಸಮುದ್ರದ ಸಪ್ಪಳ ಕೇಳಾಕತ್ತದ!"

"ಅದು ಸಮುದ್ರ ಅಲ್ಲ ಚಾಚಾ, ಹೈದರಾಬಾದಿನ ಕೂಲರ್."

ಹೇಳಬೇಕಾದ್ದನ್ನು ಹೇಗೆ ಹೇಳಬೇಕು ಎಂಬುದರ ಮೇಲೆ ಅಲ್ಲೇ ನನಗೂ ಮಾಮಾನಿಗೂ ಜಗಳ. "ಗೋವಾ ಮುಟ್ಟೇವಿ ಅಂತ ಹೇಳಿಬಿಡೂಣು, ಮುದುಕಿ ಉಣ್ಣಲಿ" ಎಂದೆ ನಾನು. ಮಾಮಾ ಕೆಂಡವಾದ. "ಹಡದವ್ವಗ ಸುಳ್ಳು ಹೇಳ್ತೀ ಏನಲೇ?" ಹಿಂದಿನ ವಾರವಷ್ಟೇ, ಯೂರಿಯಾ ಹಿಂದಿನ ಕೋಣೆಯಲ್ಲಿ ಅಟ್ಟದವರೆಗೆ ಇದ್ದಾಗ, ಎದುರು ನಿಂತ ಗಿರಾಕಿಗೆ "ಒಂದು ಕಾಳೂ ಇಲ್ಲಪ್ಪಾ" ಎಂದಿದ್ದವನು ಇದೇ ಮಾಮಾ. ಸತ್ಯ ಅವನಿಗೆ ಹಬ್ಬದ ಅಂಗಿಯ ಹಾಗೆ. ಅವ್ವನ ಎದುರಿಗೆ ಮಾತ್ರ ತೊಡುತ್ತಾನೆ. ಕಡೆಗೆ ಸತ್ಯವೇ ಗೆದ್ದಿತು. ವಿಮಾನ ಬೇರೆ, ಹೊತ್ತು ಬೇರೆ, ದಾರಿ ಬೇರೆ, ನೀ ಮಾತ್ರ ಹೊತ್ತಿಗೆ ಸರಿಯಾಗಿ ಉಣ್ಣು ಎಂದು ಹೇಳಲು ಮೈಬೂಬ ಚಾಚಾ ಮೊಪೆಡ್ ಹತ್ತಿ ಇಜೇರಿಗೆ ಹೊರಟ.

ಅವನು ಹೋಗಿ ಬರುವ ಮೂರು ಮೂರೂವರೆ ತಾಸು ನಾನು ಅನುಭವಿಸಿದ್ದನ್ನು ನನ್ನ ವೈರಿಯೂ ಅನುಭವಿಸಬಾರದು. ಕೂತೆ, ಎದ್ದೆ. ತೂಕದ ಯಂತ್ರದ ಮೇಲೆ ನಿಂತೆ, ಇಳಿದೆ, ಕಮ್ಮಿಯಾಗಿರಬಹುದೆಂದು ಮತ್ತೆ ನಿಂತೆ. ಎಷ್ಟೆಲ್ಲ ಧ್ವನಿಗಳು ಅಲ್ಲಿ ನನಗಾಗಿಯೇ ಎಂಬಂತೆ ಓಡಾಡುತ್ತಿದ್ದವು: ಮೂಗಿನಲ್ಲಿ ಇಂಗ್ಲಿಷ್ ಆಡುವ ಸಾಹೇಬ, ಮೈಕಿನಲ್ಲಿ ಸಕ್ಕರೆ ಉದುರಿಸುವ ಹೆಂಗಸು, "ಹಟೋ ಹಟೋ" ಎನ್ನುವ ಹಮಾಲ. ಆವತ್ತು ಒಂದೂ ನನ್ನ ಗಂಟಲಿಗೆ ಹತ್ತಲಿಲ್ಲ.

ಒಂದೂವರೆಗೆ ಮತ್ತೆ ಫೋನು ಹಚ್ಚಿದೆ. ಚಾಚಾನ ಧ್ವನಿ ಭಾರವಾಗಿತ್ತು. ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತಿದ್ದ. "ಹೋಗಿದ್ನಿರಿ. ಮಾಳಿಗಿ ಮ್ಯಾಲ ಓಣಿಗೆ ಓಣೀನೇ ನಿಂತಿತ್ತು. ಒಂದು ಹದ್ದು ಹೋತು, ಅದಕ್ಕೇ ಕೈ ಬೀಸಿ ಇಳದ್ರು. ಆಯೀಗೆ ಎಲ್ಲಾ ಹೇಳಿದ್ನಿ. ನೀವು ಮುಟ್ಟೋತನಕ ತುತ್ತು ಬಾಯಾಗ ಇಡಂಗಿಲ್ಲ ಅಂತ ಹೇಳು ಅಂದಾರ್ರಿ." ಪಾಪ, ದುಃಖಕ್ಕೆ ಗಂಟಲು ಕಟ್ಟಿದೆ ಎಂದುಕೊಂಡೆ.

ಮಾಮಾ ಸುದ್ದಿ ಕೇಳಿ, ಬುತ್ತಿಯ ಗಂಟನ್ನು ಇನ್ನೊಂದು ಸಲ ಬಿಗಿಯಾಗಿ ಕಟ್ಟಿದ. "ಅವ್ವ ಉಣ್ಣದ ಹೊರ್ತು ನಾನೂ ಉಣ್ಣಂಗಿಲ್ಲ." ಅವನು ಹಾಗೆಂದ ಮೇಲೆ ನಾನು ಹೇಗೆ ಉಣ್ಣಲಿ? ವಿಮಾನದವರು ಊಟದ ಚೀಟಿ ಬೇರೆ ಕೊಟ್ಟಿದ್ದರು. ಮಾಮಾ ಅದನ್ನು ವಿಭೂತಿ ಡಬ್ಬಿಯೊಳಗೆ ಮಡಚಿಟ್ಟ. ನಿಮ್ಮಲ್ಲಿ ಮುಚ್ಚಿಡುವುದೇನು, ಅವನು ಕೈಕಾಲು ತೊಳೆಯಲು ಹೋದಾಗ ನಾನು ಗಂಟಿನ ಮೂಲೆಯಿಂದ ಒಣಗಿ ಗರಿಯಾದ ಕಟಕ ರೊಟ್ಟಿಯ ಒಂದು ಚೂರು ಎಳೆದು ಕಂಬದ ಹಿಂದೆ ನಿಂತೆ. ಬಾಯಿಗೆ ಹಾಕಿದೆ. ಅಂಗಳದಲ್ಲಿ ಬಿದ್ದ ಆಯಿ ಕಣ್ಣ ಮುಂದೆ ಬಂದಳು. ತುತ್ತು ಇಳಿಯಲಿಲ್ಲ. ಪ್ರೀತಿಯಿಂದ ಇಳಿಯಲಿಲ್ಲವೋ, ನೀರಿಲ್ಲದೆ ಇಳಿಯಲಿಲ್ಲವೋ, ಇವತ್ತಿಗೂ ಖಾತ್ರಿಯಿಲ್ಲ.

ಮೂರಕ್ಕೆ ಆ ಇನ್ನೊಂದು ಕಂಪನಿಯ ವಿಮಾನ ಹತ್ತಿದೆವು. ಮಾಮಾ ಬಾಗಿಲಲ್ಲೇ ಹೆಗಲ ಟವಲು ತೆಗೆದು, ನಾಲ್ಕು ಸಾಲು ದೂರದ ಕಿಟಕಿ ಸೀಟಿಗೆ ಗುರಿಯಿಟ್ಟು ಎಸೆದ. ಅದು ಕೋಟು ತೊಟ್ಟ ಒಬ್ಬ ದೊಡ್ಡ ಮನುಷ್ಯರ ತಲೆಯ ಮೇಲೆ ರುಮಾಲಿನಂತೆ ಕೂತಿತು. ಅವರು ಕೋಪ ಮಾಡಿಕೊಳ್ಳದೆ ಕಿಟಕಿಯ ಜಾಗ ಬಿಟ್ಟುಕೊಟ್ಟರು. ವಿಮಾನ ನೆಲ ಬಿಟ್ಟಾಗ ನನಗೆ ಭಯವೂ ಆಗಲಿಲ್ಲ, ಖುಷಿಯೂ ಆಗಲಿಲ್ಲ. ಇದು ಇನ್ನೂ ಸ್ವಲ್ಪ ಬೇಗ ಹೋಗಬಾರದೇ ಎಂದು ಎದುರಿನ ಸೀಟನ್ನು ಮೊಣಕಾಲಿನಿಂದ ನೂಕುತ್ತಿದ್ದೆ, ಎತ್ತಿನ ಬಾಲ ತಿರುವಿದ ಹಾಗೆ. ಗಗನಸಖಿ ಬಿಸಿ ಬಿಸಿ ತಟ್ಟೆ ತಂದಿಟ್ಟಳು. ಮಾಮಾ ಕೈಮುಗಿದು, "ನಮ್ಮವ್ವ ಉಪವಾಸ ಅದಾಳವ್ವಾ" ಎಂದು ಕನ್ನಡದಲ್ಲೇ ಹೇಳಿದ. ಅವಳಿಗೇನು ಅರ್ಥವಾಯಿತೋ, ಎರಡು ಚಾಕಲೇಟು ಹೆಚ್ಚಿಗೆ ಕೊಟ್ಟು ಹೋದಳು. ಬೆಂಗಳೂರಿನಲ್ಲಿ ಇಳಿದು ಮತ್ತೆ ಹಾರುವ ತನಕವೂ ಮಾಮಾ ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಭೀಮಾ ನದಿ ಏನಲೇ ಅದು?" ಎಂದು ಕಂಡ ನದಿಗೆಲ್ಲ ಕೇಳುತ್ತಿದ್ದ.

ಗೋವಾದಲ್ಲಿ ಕಾಲಿಟ್ಟವರು ಸಮುದ್ರ ನೋಡಲಿಲ್ಲ, ಫೋನು ನೋಡಿದೆವು. ಚಾಚಾ ಮೊದಲ ರಿಂಗಿಗೇ ಎತ್ತಿದ. "ಈಗೇ ಹೋಗಿ ಹೇಳಿ ಬರ್ತೇನ್ರಿ!" ಎಂದ. ಆ ವಯಸ್ಸಿನಲ್ಲಿ, ಒಂದೇ ದಿನಕ್ಕೆ ಎರಡನೆಯ ಸಲ, ಅಷ್ಟು ದೂರ ಹೋಗಲು ಅವನಿಗಿದ್ದ ಹುರುಪು ಕಂಡು ನನ್ನ ಕಣ್ಣು ತುಂಬಿತು. ಆಯಿ ಉಂಡಳು ಎಂಬ ಸುದ್ದಿ ಹೋಟೆಲಿನ ಫೋನಿಗೆ ಬಂದ ಮೇಲೆಯೇ ಮಾಮಾ ಗಂಟು ಬಿಚ್ಚಿದ. ಇಬ್ಬರೂ ಎಷ್ಟು ತಿಂದೆವೆಂದರೆ ಮರುದಿನ ಎದ್ದು ಓಡಾಡುವ ಸ್ಥಿತಿಯಲ್ಲಿರಲಿಲ್ಲ.

ವಾರದ ಮೇಲೆ ಇಜೇರಿಯ ಅಡುಗೆಮನೆಯಲ್ಲಿ ಆಯಿಯ ಕಾಲ ಹತ್ತಿರ ಕೂತು, "ತಪ್ಪಾತು ಆಯಿ, ಇಡೀ ದಿನ ಉಪವಾಸ ಕೆಡವಿದ್ನಿ ನಿನ್ನ" ಎಂದೆ. ನಾನು ನನ್ನದೇ ಧ್ವನಿಯಲ್ಲಿ ಆಡಿದ ಅಪರೂಪದ ಮಾತು ಅದು. ಆಯಿ ಒಮ್ಮೆ ಹೊರಗೆ ಇಣುಕಿ ನೋಡಿದಳು. ಆಮೇಲೆ ಗಟ್ಟಿಯಾದ, ಸಣ್ಣ ಹುಡುಗಿಯಂಥ ದನಿಯಲ್ಲಿ, "ಉಪವಾಸ ಯಾರಿದ್ರಲೇ?" ಎಂದಳು.

"ಅಂದ್ರ?"

"ನೀ ಆಳಂದಕ್ಕ ಹೋದಾಗ ಬಿದ್ನೆಲ್ಲಾ, ಆವತ್ತಿಂದ ಹೊತ್ತಿಗಿ ಸರಿಯಾಗಿ ಉಣ್ಣಾಕತ್ತೇನಿ. ನಂಗೇನು ಹುಚ್ಚು ಹಿಡದದ? ಆ ದಿನ ಮೈಬೂಬ ಬಂದಾಗ ಹೋಳಿಗಿ ಮಾಡಿದ್ನಿ. ಪಾಪ, ಬಿಸಲಾಗ ಬಂದಾನಂತ ಅವಂಗೂ ಆರು ಬಡಿಸಿದ್ನಿ. ಸಂಜೀಕ ಮತ್ತ ಬಂದಾ, ಮತ್ತ ನಾಕು ತಿಂದಾ. ಬಾಯಿ ಬಿಡಬ್ಯಾಡ ಅಂತ ಹೇಳೇ ಬಡಿಸಿದ್ನಿ."

ನನಗೆ ಸಿಟ್ಟು ಬಂತು. ಕಂಬದ ಹಿಂದಿನ ರೊಟ್ಟಿಯ ಚೂರು ಈಗ ಗಂಟಲಿಗೆ ಬಂದ ಹಾಗಾಯಿತು. "ಹಂಗಾರ ಉಂಡೇನಿ ಅಂತ ಹೇಳಿ ಕಳಿಸಬೇಕಿಲ್ಲೇನು? ನಾವು ಅಲ್ಲಿ ಸತ್ತು ಹೋಗಿದ್ವಿ!"

"ಉಂಡೇನಿ ಅಂದಿದ್ರ," ಆಯಿ ಒಲೆಯ ಕಡೆ ತಿರುಗಿದಳು, "ನೀ ಫೋನ್ ಮಾಡ್ತಿದ್ದಿ ಏನ್ಲೇ?"

ಅಷ್ಟರಲ್ಲಿ ಮಾಮಾ ಒಳಗೆ ಬಂದ. "ಇನ್ನ ವಿಮಾನದ ಹೆಸರು ಎತ್ತಬ್ಯಾಡ್ರಿ. ನಮ್ಮವ್ವನ ಹೊಟ್ಟೀ ಸುಟ್ಟು ನಮಗ್ಯಾಕ ಗೋವಾ?" ಎಂದು ಗದ್ಗದನಾದ. ಕ್ಷಣಾರ್ಧದಲ್ಲಿ ಆಯಿಯ ಬೆನ್ನು ಬಾಗಿತು, ಕತ್ತು ನಡುಗಿತು. "ನಂದೇನೈತಪ್ಪಾ... ನೀವು ಮುಟ್ಟಿದ್ರ... ಸಾಕು..." ಒಂದೊಂದು ಮಾತಿಗೂ ಉಸಿರು ಹರಿಯುವಂಥ ಆ ಕ್ಷೀಣ ಸ್ವರ!

ಅಂಗಡಿಗೆ ಬಂದವರೆಲ್ಲ ನನ್ನಿಂದ ಕೇಳಿ ಕೇಳಿ ಮಾಡಿಸುತ್ತಿದ್ದದ್ದು ಇದೇ ಆಯಿಯ ಸ್ವರವನ್ನೇ. ಎರಡು ವರ್ಷದಿಂದ, ಥೇಟ್ ಅವಳದೇ, ಅಸಲಿ ಅಂದರೆ ಅಸಲಿ ಎಂದು ಮೆಚ್ಚಿಸಿಕೊಂಡು ಬೀಗುತ್ತಿದ್ದೆ. ಅಷ್ಟೂ ದಿನ ನಾನು ಮಾಡಿದ್ದು ನಕಲಿನ ನಕಲು.