ನಮ್ಮ ಭಾವನ ಫ್ರೆಂಚ್ ಪಾಳೇಗಾರ

ನಮ್ಮ ಭಾವ ಎರಡು ಸಂಸಾರ ನಡೆಸುತ್ತಿದ್ದರು. ಗಾಬರಿಯಾಗಬೇಡಿ, ಅಕ್ಕನಿಗೂ ಗೊತ್ತಿತ್ತು! ಒಂದು, ಅಕ್ಕನ ಜೊತೆ ಬೆರ್ರಿಯೆಸಾದ ಅಪಾರ್ಟ್‌ಮೆಂಟಿನಲ್ಲಿ. ಇನ್ನೊಂದು, ಏಳೆಂಟು ನೂರು ವರ್ಷದ ಹಿಂದೆ ಸತ್ತುಹೋದ ಫ್ರಾನ್ಸಿನ ಯಾವನೋ ಕೌಂಟನದು. ಅವನನ್ನು ನಾವು ಪಾಳೇಗಾರ ಎಂದೇ ಕರೆಯುತ್ತಿದ್ದೆವು.

ಲೈಬ್ರರಿಯವರು ಹಳೆಯ ಪುಸ್ತಕ ಮಾರುವಾಗ ಭಾವ ಆ ಪಾಳೇಗಾರನ ಚರಿತ್ರೆಯನ್ನು ಮನೆಗೆ ತಂದರು. ಅಂದಿನಿಂದ ಸಾಂಟಾ ಕ್ಲಾರಾದ ಆಫೀಸಿನಲ್ಲಿ ದೇಹ, ಫ್ರಾನ್ಸಿನ ಕೋಟೆಯಲ್ಲಿ ಜೀವ. ಊರಿಗೆಲ್ಲ ಡಾಟ್ ಕಾಮಿನ ಹುಚ್ಚು ಹಿಡಿದಿದ್ದ ಕಾಲ ಅದು. ಪಾರ್ಟಿಗಳಲ್ಲಿ ಮಿಕ್ಕ ಗಂಡಸರು ಯಾವ ಕಂಪನಿ ಯಾವಾಗ ಪಬ್ಲಿಕ್ ಆಗುತ್ತದೆ ಎಂದು ತಲೆ ಕೆಡಿಸಿಕೊಂಡರೆ, ಭಾವ ಯಾರನ್ನಾದರೂ ಮೂಲೆಗೆ ಒತ್ತಿ, ಪಾಳೇಗಾರನ ಎರಡನೆಯ ಮಗನಿಗೆ ಯಾಕೆ ಕೋಟೆ ಸಿಗಲಿಲ್ಲ ಎಂದು ವಿವರಿಸುತ್ತಿದ್ದರು. ಸಿಕ್ಕಿಬಿದ್ದವನ ಮುಖ ನೋಡಬೇಕಿತ್ತು!

ನಾನು ಆಗ ಅವರ ಮನೆಯ ಸೋಫಾದ ಖಾಯಂ ನಿವಾಸಿ. ಒಂದು ಬೆಳಗ್ಗೆ ಭಾವ ಕಾಫಿ ಲೋಟ ಕೆಳಗಿಟ್ಟು, "ಪಾಪ, ಬರೀ ನಾಲ್ಕು ದಿನದ ಜ್ವರ. ಹೊರಟೇಹೋದ ಕಣೋ," ಎಂದರು. ಅಕ್ಕ ದೋಸೆಯ ಒಲೆ ಆರಿಸಿ ಓಡಿ ಬಂದಳು.

"ಯಾರ್ರೀ? ಮೈಸೂರಿಂದ ಫೋನ್ ಬಂತಾ?"

"ಪಾಳೇಗಾರನ ತಮ್ಮ ಕಣೆ."

"ಸ್ನಾನ ಮಾಡ್ಬೇಕಾ, ಅಥವಾ ಕಾಲು ತೊಳ್ಕೊಂಡ್ರೆ ಸಾಕಾ?" ಎಂದು ಕೇಳಿ ಅಕ್ಕ ಮತ್ತೆ ಒಲೆ ಹಚ್ಚಿದಳು.

ಇನ್ನೊಮ್ಮೆ ಯೂನಿಯನ್ ಸಿಟಿಗೆ ಊಟಕ್ಕೆ ಹೊರಟಿದ್ದೆವು. ಪಾಳೇಗಾರನ ಅತ್ತೆ-ಸೊಸೆ ಜಗಳ ರಂಗೇರಿದ್ದರಿಂದ ಫ್ರೀವೇಯಲ್ಲಿ ಇಳಿಯುವ ಜಾಗ ದಾಟಿಹೋಯಿತು. ಜಗಳ ರಾಜಿಯಾಗುವ ಹೊತ್ತಿಗೆ ನಾವು ಮುಂದಿನ ಊರು ಹೇವರ್ಡ್ ಕೂಡ ದಾಟಿದ್ದೆವು. ಅಲ್ಲಿಯವರೆಗೆ ಅಕ್ಕನೂ ನಗುತ್ತಲೇ ಇದ್ದಳು.

ನಗು ನಿಂತದ್ದು ಅವಳ ಬಸಿರಿಗೆ ಆರು ತಿಂಗಳು ತುಂಬಿದ ಮೇಲೆ. ಎರಡು ವರ್ಷದ ಹಿಂದೆ, ಅವರು ನ್ಯೂಜೆರ್ಸಿಯಲ್ಲಿದ್ದಾಗ, ಏಳನೆಯ ತಿಂಗಳಲ್ಲೇ ಹುಟ್ಟಿದ ಹೆಣ್ಣು ಮಗು ಒಂದು ದಿನವೂ ಉಳಿದಿರಲಿಲ್ಲ. ಇಲ್ಲಿಗೆ ಬಂದ ಮೇಲೆ ಅಕ್ಕ ಒಂದೇ ಮಾತು ಹೇಳಿದ್ದಳು: "ಇಲ್ಲಿ ಯಾರಿಗೂ ಗೊತ್ತಾಗೋದು ಬೇಡ. ಇದೇ ಮೊದಲನೇದು ಅಂತಿರ್ಲಿ." ನಾವು ಒಪ್ಪಿಕೊಂಡಿದ್ದೆವು. ಈಗ ಮತ್ತೆ ಏಳನೆಯ ತಿಂಗಳು. ಮಗು ಸ್ವಲ್ಪ ಹೊತ್ತು ಒದೆಯದಿದ್ದರೆ ಅಕ್ಕ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಅವಳು ನಿಂತಲ್ಲಿ ನಾವೂ ಉಸಿರು ಹಿಡಿದು ನಿಲ್ಲುತ್ತಿದ್ದೆವು.

ಇಂಥ ಹೊತ್ತಿನಲ್ಲಿ ಭಾವ ಪುಸ್ತಕದಲ್ಲಿ ಎಲ್ಲಿಗೆ ಬಂದಿರಬೇಕು ಹೇಳಿ? ಪಾಳೇಗಾರನ ಹೆಂಡತಿಯ ಹೆರಿಗೆಗಳಿಗೆ! ಒಂದಾದ ಮೇಲೊಂದು, ಅರ್ಧಕ್ಕರ್ಧ ಉಳಿಯದವು. ಅವರ ಕೈಯಲ್ಲಿ ಆ ಪುಸ್ತಕ ಕಂಡರೆ ನನಗೆ ಬೆವರು ಬರುತ್ತಿತ್ತು.

ಸೀಮಂತ ಗೊತ್ತಾಯಿತು. ಅಕ್ಕ ನನ್ನನ್ನು ಕರೆದು, "ಅವತ್ತು ಆ ಪಾಳೇಗಾರನ ಹೆಂಡ್ತಿ ಸುದ್ದಿ ಎತ್ತಿದ್ರೆ ನಾನು ಹಸೆಯಿಂದ ಎದ್ದು ಹೋಗ್ತೀನಿ. ಅವರ ಬಾಯಿ ನಿನ್ನ ಜವಾಬ್ದಾರಿ," ಎಂದಳು.

ಎಂಥ ಜವಾಬ್ದಾರಿ! ಹತ್ತು ಹದಿನೈದು ಹೆಂಗಸರು, ಐದು ಬಗೆಯ ಚಿತ್ರಾನ್ನ, ಹಸಿರು ಬಳೆಗಳ ರಾಶಿ, ನಡುವೆ ಅಕ್ಕ. ನಾನು ಭಾವನನ್ನು ಅಡುಗೆಮನೆಯ ಬಾಗಿಲಲ್ಲೇ ಕಟ್ಟಿಹಾಕಿದ್ದೆ. "ಪಾಳೇಗಾರನ ಮನೇಲೂ..." ಎಂದು ಶುರು ಮಾಡಿದರು. ಬಾಯಿಗೊಂದು ಲಾಡು ತುರುಕಿದೆ. ಅದನ್ನು ನುಂಗಿ, "ಆ ಮೂರನೇ ಮಗು..." ಎಂದರು. ಇನ್ನೊಂದು ತುರುಕಿದೆ. ಲಾಡು ಮುಗಿದರೆ ಏನು ಗತಿ ಎಂದು ತಟ್ಟೆಯಲ್ಲಿ ಉಳಿದವನ್ನು ಎಣಿಸತೊಡಗಿದೆ.

ಬಳೆ ತೊಡಿಸಲು ಕೂತವರು ಹಾಸನದ ಹಿರಿಯ ಹೆಂಗಸು, ಮಗಳ ಮನೆಗೆಂದು ಬಂದವರು. ಎಲ್ಲರ ಬಾಯಲ್ಲೂ ದೊಡ್ಡಮ್ಮ. ಮೊದಲ ಬಳೆ ಕೈಗೆತ್ತಿಕೊಂಡು, "ಚೊಚ್ಚಲು ತಾನೇನವ್ವ? ನಮ್ ಕಡೆ ಚೊಚ್ಚಲಿಗೇ ಕಣವ್ವ ಈ ಶಾಸ್ತ್ರ," ಎಂದರು.

ಅಕ್ಕ ತಲೆ ತಗ್ಗಿಸಿದಳು. ಚಾಚಿದ ಕೈ ಹಾಗೇ ನಿಂತಿತು. ಹೌದು ಅನ್ನಬೇಕಿತ್ತು, ಅಷ್ಟೇ. ಅವಳಿಗೆ ಅನ್ನಲಾಗಲಿಲ್ಲ. ನಾನೇ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಇಲ್ಲಮ್ಮ, ಎರಡನೇದು," ಭಾವನ ದನಿ ಕೇಳಿತು. "ಮೊದಲನೇದು ಹೆಣ್ಣು ಮಗು. ಉಳೀಲಿಲ್ಲ."

ಅಕ್ಕ ಎದ್ದು ಹೋಗುತ್ತಾಳೆಂದು ನಾನು ಕಾದೆ. ಅವಳು ಏಳಲಿಲ್ಲ. ಎರಡು ವರ್ಷ ತಡೆದಿದ್ದನ್ನೆಲ್ಲ ಸೇರಿಸಿ, ಅಷ್ಟೂ ಜನರ ಮುಂದೆ ಗಟ್ಟಿಯಾಗಿ ಅತ್ತಳು. ದೊಡ್ಡಮ್ಮ ಅವಳ ಕೈ ಬಿಡಲಿಲ್ಲ.

"ಆ ಮಗೀಗೆ ಬಳೆ ತೊಡ್ಸಿದ್ರಾ?"

ಅಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಹಂಗಾರೆ ಇಬ್ರುದೂ ಇವತ್ತೇ ಆಗ್ಲಿ ಬಿಡವ್ವ," ಎನ್ನುತ್ತ ದೊಡ್ಡಮ್ಮ ಒಂದು ಡಜನ್ ಬಳೆ ಹೆಚ್ಚಿಗೆ ತೊಡಿಸಿದರು.

ಎಲ್ಲರೂ ಹೋದ ಮೇಲೆ ಪಾತ್ರೆ ತೊಳೆಯುವಾಗ ನಾನು ಭಾವನ ಮೇಲೆ ಹರಿಹಾಯ್ದೆ. ಅವರು ಕೈಯಲ್ಲಿದ್ದ ಪಾತ್ರೆ ಒರೆಸಿ ಬದಿಗಿಟ್ಟರು.

"ಪಾಳೇಗಾರನಿಗೆ ಎಂಟು ಮಕ್ಕಳು ಅಂತ ಬರೆದಿದಾರೆ ಕಣೋ. ಹುಟ್ಟಿದ ದಿನವೇ ಹೋದವೂ ಸೇರಿ ಎಂಟು. ಯಾರೋ ಮಠದ ಸನ್ಯಾಸಿ, ಮಕ್ಕಳಿಲ್ಲದೋನು, ಒಂದನ್ನೂ ಬಿಡದೆ ಬರೆದಿಟ್ಟಿದಾನೆ. ನಾನು ಅಪ್ಪ ಕಣೋ. ನಾನೇ ಬಿಟ್ಟುಬಿಟ್ಟಿದ್ನಲ್ಲ."

ಅವರು ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಆ ಪುಸ್ತಕವನ್ನು ಅವರು ಯಾಕೆ ಬಿಡುತ್ತಿರಲಿಲ್ಲ ಎಂಬುದು ನನ್ನ ಮಂಡೆಗೆ ಹೊಳೆದದ್ದೂ ಆಗಲೇ.

ದಿನ ತುಂಬಿ ಗಂಡು ಮಗು ಹುಟ್ಟಿತು, ಕೋಣೆ ಬಿರಿಯುವ ಹಾಗೆ ಅಳುತ್ತ. ಫಾರಮ್ಮು ಹಿಡಿದು ಬಂದ ನರ್ಸಮ್ಮ, ಇದು ನಿಮಗೆ ಮೊದಲನೆಯ ಮಗುವೇ ಎಂದು ಕೇಳಿದಳು. ಭಾವ ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು: "ಸೆಕೆಂಡ್. ಇವನಿಗೊಬ್ಬಳು ಅಕ್ಕ ಇದ್ದಳು."